ಬೋಲ್ಟ್ ಬಿಗಿಯಾಗಿದ್ದು ಯಾಕೆ?

ಟೆಕ್ಸಸ್‌ನಲ್ಲಿ ನನ್ನ .308 ವಿಂಚೆಸ್ಟರ್ ರೈಫಲ್‌ಗೆ ಗುಂಡುಗಳನ್ನು ನಾನೇ ತಯಾರಿಸಿಕೊಳ್ಳುತ್ತೇನೆ: ಹಾರಿಸಿದ ಹಿತ್ತಾಳೆ ಕೇಸಿಗೆ ಹೊಸ ಪ್ರೈಮರ್ (ಪುಡಿಗೆ ಕಿಡಿ ಹಚ್ಚುವ ಪುಟ್ಟ ಬಟ್ಟಲು), ಮದ್ದಿನ ಪುಡಿ, ಬುಲೆಟ್ ತುಂಬುತ್ತೇನೆ. ಮೊನ್ನೆ ಮೂರನೇ ಗುಂಡಿಗೇ ಬೋಲ್ಟ್ (ಗುಂಡಿನ ಹಿಂದೆ ನಳಿಗೆಯನ್ನು ಮುಚ್ಚುವ, ಹಿಡಿಯಿರುವ ಭಾಗ) ಎತ್ತಲು ಅಂಗೈಯಿಂದ ಗುದ್ದಬೇಕಾಯಿತು. ಪ್ರೈಮರ್ ಚಪ್ಪಟೆಯಾಗಿತ್ತು. ಕೇಸಿನ ತಳದಲ್ಲಿ ಎಜೆಕ್ಟರ್‌ನ (ಖಾಲಿ ಕೇಸನ್ನು ಹೊರದಬ್ಬುವ ಭಾಗ) ಹೊಳೆಯುವ ಗುರುತು. ಎಲ್ಲವೂ ಒತ್ತಡ ಹೆಚ್ಚಾದ ಲಕ್ಷಣ. ಇನ್ನೊಂದು ಹೊಡೆದು ನೋಡೋಣ ಅನ್ನುವ ಚಪಲ ಬಂತು, ಸುಳ್ಳು ಹೇಳಲ್ಲ. ಆದರೂ ನಿಲ್ಲಿಸಿದೆ.

ಪುಡಿ ಜಾಸ್ತಿಯಾಗಿದೆ ಅಂದುಕೊಂಡು ಉಳಿದವನ್ನು ಬಿಚ್ಚಿ ತೂಗಿದೆ. ತೂಕ ಸರಿಯಿತ್ತು. ಆಮೇಲೆ ಹಾರಿಸಿದ ಕೇಸಿನ ಬಾಯಿಗೆ ಹೊಸ ಬುಲೆಟ್ ಇಟ್ಟೆ. ಸಲೀಸಾಗಿ ಜಾರಬೇಕಿತ್ತು, ಅಂಚಿನಲ್ಲೇ ತಡೆಯಿತು. ಕೇಸಿನ ಉದ್ದ ಅಳೆದರೆ ಕ್ಯಾಲಿಪರ್ 2.022 ಇಂಚು ತೋರಿಸಿತು. ಮಿತಿ 2.015! ಉದ್ದವಾದ ಕೇಸಿನ ಕುತ್ತಿಗೆ ಚೇಂಬರಿನ (ನಳಿಗೆಯಲ್ಲಿ ಗುಂಡು ಕೂರುವ ಜಾಗ) ತುದಿಗೆ ಸಿಕ್ಕಿ ಬುಲೆಟ್ಟನ್ನು ಹಿಡಿದಿತ್ತು, ಒತ್ತಡ ಏರಿತ್ತು. ಆ ಮೂರು ಕೇಸುಗಳನ್ನು ಎಸೆದೆ. ಉಳಿದವನ್ನು 2.005ಕ್ಕೆ ಕತ್ತರಿಸಿ, ಕಡಿಮೆ ಪುಡಿಯಿಂದ ಮತ್ತೆ ಶುರು ಮಾಡಿದೆ. ಈಗ ಬೋಲ್ಟ್ ಎರಡು ಬೆರಳಿಗೇ ಏಳುತ್ತದೆ.