ಎರಡನೇ ವಾರವೂ ಬಂದರೆ ಗೆದ್ದಂತೆ: ಹೊಸ ನಾಡಿನಲ್ಲಿ ಹುಡುಗಿಯರ ಕ್ರಿಕೆಟ್ ಕಟ್ಟುವುದು ಹೇಗೆ?

2019ರ ಜೂನ್. ರುವಾಂಡಾದ ರಾಜಧಾನಿ ಕಿಗಾಲಿಯಲ್ಲಿ ಮಾಲಿ ದೇಶದ ಮಹಿಳಾ ತಂಡ 6 ರನ್ನಿಗೆ ಆಲೌಟ್ ಆಯಿತು. ಆ ಆರರಲ್ಲಿ ಐದು ಎಕ್ಸ್‌ಟ್ರಾ. ಬ್ಯಾಟಿನಿಂದ ಬಂದಿದ್ದು ಒಂದೇ ಒಂದು ರನ್. ರುವಾಂಡಾ ನಾಲ್ಕೇ ಎಸೆತದಲ್ಲಿ ಆಟ ಮುಗಿಸಿತು. ಅದೇ ಟೂರ್ನಿಯಲ್ಲಿ ಉಗಾಂಡಾ ಅದೇ ಮಾಲಿಯ ಎದುರು 20 ಓವರಿಗೆ 314 ಚಚ್ಚಿತು.

ಸ್ಕೋರ್‌ಕಾರ್ಡ್ ನೋಡಿದರೆ ನಗು ಬರುತ್ತದೆ. ಇನ್ನೊಂದು ಸ್ಕೋರ್‌ಕಾರ್ಡನ್ನೂ ನೋಡಿಬಿಡಿ. 2023ರ ಜನವರಿ, ದಕ್ಷಿಣ ಆಫ್ರಿಕಾ, 19 ವರ್ಷದೊಳಗಿನ ಹುಡುಗಿಯರ ಮೊಟ್ಟಮೊದಲ ವಿಶ್ವಕಪ್. ರುವಾಂಡಾದ ಹುಡುಗಿಯರು ವೆಸ್ಟ್ ಇಂಡೀಸನ್ನು 70ಕ್ಕೆ ಉರುಳಿಸಿ 4 ವಿಕೆಟಿನಿಂದ ಗೆದ್ದರು. ಅದಕ್ಕೂ ಮೊದಲು ಹೆನ್ರಿಯೆಟ್ ಇಶಿಮ್ವೆ ಜಿಂಬಾಬ್ವೆ ಎದುರು ಸತತ ನಾಲ್ಕು ಎಸೆತಗಳಲ್ಲಿ ನಾಲ್ಕು ವಿಕೆಟ್ ಕಿತ್ತಿದ್ದಳು. 1994ರ ನರಮೇಧದ ನಂತರ ಉಗಾಂಡಾ, ಕೀನ್ಯಾಗಳಿಂದ ಮರಳಿದ ನಿರಾಶ್ರಿತರ ಜೊತೆ ಆ ದೇಶದಲ್ಲಿ ಬೇರೂರಿದ ಆಟ ಇದು.

ಆಟದ ಗಂಧವೇ ಇಲ್ಲದ ದೇಶದಲ್ಲಿ ಇದನ್ನು ಕಟ್ಟಲು ಹೊರಟವರಿಗೆ ದಾರಿ ಏನು? ಹಂತ ಹಂತವಾಗಿ ನೋಡೋಣ.

1. ಹುಡುಗಿಯರಿಂದಲೇ ಶುರು ಮಾಡಿ

‘ಮೊದಲು ಗಂಡಸರ ತಂಡ ನಿಲ್ಲಲಿ, ಆಮೇಲೆ ಹೆಂಗಸರದ್ದು ನೋಡೋಣ’ ಅನ್ನುವವರೇ ಜಾಸ್ತಿ. ಲೆಕ್ಕ ತಪ್ಪುವುದು ಇಲ್ಲೇ.

ಬಹುತೇಕ ಹೊಸ ಕ್ರಿಕೆಟ್ ದೇಶಗಳಲ್ಲಿ ಈಗಾಗಲೇ ಆಡುತ್ತಿರುವವರು ಕೆಲಸಕ್ಕೆಂದು ಬಂದ ಭಾರತೀಯರು, ಪಾಕಿಸ್ತಾನದವರು, ಶ್ರೀಲಂಕಾದವರು. ಐಸಿಸಿ (ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ) ನಿಯಮದ ಪ್ರಕಾರ ಒಂದು ದೇಶದಲ್ಲಿ ಮೂರು ವರ್ಷ ನೆಲೆಸಿದ್ದರೂ ಆ ದೇಶಕ್ಕೆ ಆಡಬಹುದು. ಹಾಗಾಗಿ ಒಬ್ಬನೇ ಒಬ್ಬ ಸ್ಥಳೀಯ ಹುಡುಗನಿಗೆ ಬ್ಯಾಟ್ ಹಿಡಿಯಲು ಕಲಿಸದೆಯೂ ಪುರುಷರ ತಂಡ ನಿಲ್ಲಿಸಬಹುದು. ತಪ್ಪೇನಿಲ್ಲ, ಆಡಲಿ. ಆದರೆ ಅವರ ಕಂಪನಿ ವರ್ಗಾವಣೆ ಮಾಡಿದ ದಿನ ಆಟವೂ ಅವರ ಜೊತೆ ವಿಮಾನ ಹತ್ತುತ್ತದೆ.

ಮಹಿಳಾ ತಂಡಕ್ಕೆ ಆ ಅಡ್ಡದಾರಿ ಅಷ್ಟು ಸುಲಭವಾಗಿ ಸಿಗುವುದಿಲ್ಲ. ಹನ್ನೊಂದು ಜನ ಬೇಕೆಂದರೆ ಅಲ್ಲೇ ಹುಟ್ಟಿದ ಹುಡುಗಿಯರಿಗೆ ಕಲಿಸಲೇಬೇಕು. ಥಾಯ್ಲೆಂಡಿನಲ್ಲಿ ಆಗಿದ್ದು ಅದೇ. ಬ್ರೆಜಿಲ್‌ನಲ್ಲೂ ಅದೇ. ಈ ಎರಡೂ ದೇಶಗಳ ಹೆಸರು ಕ್ರಿಕೆಟ್ ಲೋಕಕ್ಕೆ ಗೊತ್ತಾಗಿದ್ದು ಹೆಂಗಸರಿಂದ.

2. ದೇಶ ಬೇಡ, ಒಂದು ಊರು ಹಿಡಿಯಿರಿ

ಹತ್ತು ನಗರಗಳಲ್ಲಿ ಒಂದೊಂದು ದಿನದ ಶಿಬಿರ ಮಾಡಿ, ಬ್ಯಾನರ್ ಮುಂದೆ ಫೋಟೊ ತೆಗೆಸಿಕೊಂಡರೆ ವರದಿ ಚೆನ್ನಾಗಿರುತ್ತದೆ. ಆಟ ಉಳಿಯುವುದಿಲ್ಲ. ಒಂದೇ ಊರಿನಲ್ಲಿ ಐದಾರು ಶಾಲೆ ಹಿಡಿದು ಮೂರು ವರ್ಷ ಕೂತರೆ ಆ ಊರಿನ ಮಕ್ಕಳಿಗೆ ಎದುರಾಳಿ ಪಕ್ಕದ ಬೀದಿಯಲ್ಲೇ ಸಿಗುತ್ತಾರೆ.

ಬ್ರೆಜಿಲ್ ಅಂದರೆ ಫುಟ್‌ಬಾಲ್, ಅಲ್ವಾ? ಅಲ್ಲಿನ ಪೋಸೋಸ್ ಡಿ ಕಾಲ್ಡಾಸ್ ಎಂಬ ಬೆಟ್ಟದ ಊರಿನಲ್ಲಿ ಸಾವಿರಾರು ಮಕ್ಕಳು ಕ್ರಿಕೆಟ್ ಆಡುತ್ತಾರೆ. ಬ್ಯಾಟ್ ತರಿಸಿಕೊಳ್ಳುವುದು ದುಬಾರಿಯಾದಾಗ ಊರಿನಲ್ಲೇ, ಅಲ್ಲೇ ಸಿಗುವ ಮರದಲ್ಲಿ ಮಾಡತೊಡಗಿದರು. ಜಪಾನ್ ಕೂಡ ದೇಶವಿಡೀ ಹರಡಲು ಹೋಗದೆ ಸಾನೊ ಎಂಬ ಒಂದು ಊರನ್ನು ಕ್ರಿಕೆಟ್ಟಿನ ತವರಾಗಿ ಬೆಳೆಸಿತು.

3. ಪಿ.ಟಿ. ಟೀಚರನ್ನು ಒಲಿಸಿಕೊಳ್ಳಿ

ಹೊರಗಿನಿಂದ ಬಂದ ಕೋಚ್ ಎಷ್ಟೇ ಒಳ್ಳೆಯವರಾಗಿರಲಿ, ವೀಸಾ ಮುಗಿದ ಮೇಲೆ ಹೋಗುತ್ತಾರೆ. ಶಾಲೆಯ ಪಿ.ಟಿ. ಟೀಚರ್ ಇರುತ್ತಾರೆ. ಅವರಿಗೆ ಎರಡು ದಿನದ ತರಬೇತಿ, ಒಂದು ಚೀಲ ಸಾಮಾನು, ಅವರದೇ ಭಾಷೆಯಲ್ಲಿ ನಾಲ್ಕು ಪುಟದ ನಿಯಮ ಕೊಡಿ. ಚೆಂಡು ಕಾಲಿಗೆ ತಗುಲಿ ಔಟಾಗುವ ಎಲ್‌ಬಿಡಬ್ಲ್ಯು ನಿಯಮ ಆ ನಾಲ್ಕು ಪುಟದಲ್ಲಿ ಬೇಡವೇ ಬೇಡ. ಎರಡು ವರ್ಷದ ಮೇಲೆ ಹೇಳಿದರಾಯಿತು.

ಪ್ರತಿ ಶಾಲೆಯಿಂದ ಇಬ್ಬರನ್ನು ಕರೆಯಿರಿ, ಒಬ್ಬರಾದರೂ ಹೆಣ್ಣುಮಗಳಿರಲಿ. ಒಬ್ಬರಿಗೆ ವರ್ಗವಾದರೆ ಇನ್ನೊಬ್ಬರು ಮುಂದುವರಿಸುತ್ತಾರೆ.

4. ಗಟ್ಟಿ ಚೆಂಡು ಕಪಾಟಿನಲ್ಲೇ ಇರಲಿ

ಮೊದಲ ದಿನವೇ ಪ್ಯಾಡ್ ಕಟ್ಟಿ, ಹೆಲ್ಮೆಟ್ ಹಾಕಿ, ಸಾಲಿನಲ್ಲಿ ನಿಲ್ಲಿಸಿದರೆ ಏನಾಗುತ್ತದೆ ನೋಡಿ. ಮೂವತ್ತು ಮಕ್ಕಳಲ್ಲಿ ಇಬ್ಬರು ಆಡುತ್ತಾರೆ, ಉಳಿದವರು ಹುಲ್ಲು ಕೀಳುತ್ತಾರೆ. ಮೊದಲ ಚೆಂಡಿಗೇ ಔಟಾದ ಹುಡುಗಿ ಮರದ ಕೆಳಗೆ ಹೋಗಿ ಕೂರುತ್ತಾಳೆ. ಮುಂದಿನ ವಾರ ಅವಳು ಬರುವುದಿಲ್ಲ. ಯಾಕೆ ಬರಬೇಕು?

ಹಾಗಾಗಿ ಮೆತ್ತನೆಯ ಚೆಂಡು, ಹಗುರ ಪ್ಲಾಸ್ಟಿಕ್ ಬ್ಯಾಟ್. ಆಟವನ್ನೇ ಮಕ್ಕಳ ಅಳತೆಗೆ ಕತ್ತರಿಸಿ. ದೊಡ್ಡವರ ಪಿಚ್ 22 ಗಜ, ಅಂದರೆ 20.12 ಮೀಟರ್. ಆಸ್ಟ್ರೇಲಿಯಾದವರು ತಮ್ಮ ಚಿಕ್ಕ ಮಕ್ಕಳಿಗೆ ಅದನ್ನು 16 ಮೀಟರಿಗೆ ಇಳಿಸಿದ್ದಾರೆ. ತಂಡಕ್ಕೆ ಏಳೇ ಜನ, ಬೌಂಡರಿ 40 ಮೀಟರ್. ಸ್ವಲ್ಪ ದೊಡ್ಡವರಾದ ಮೇಲೆ 18 ಮೀಟರ್, ಒಂಬತ್ತು ಜನ. ಆಸ್ಟ್ರೇಲಿಯಾದ ಮಕ್ಕಳಿಗೇ 22 ಗಜ ಉದ್ದ ಅನ್ನಿಸುವುದಾದರೆ, ನಿನ್ನೆ ಮೊದಲ ಸಲ ಬ್ಯಾಟ್ ಕಂಡವಳ ಪಾಡೇನು? ಚೆಂಡು ಎರಡು ಸಲ ಪುಟಿದು ನಿಂತೇ ಹೋಗುತ್ತದೆ.

ಜೋಡಿ ಆಟ ಆಡಿಸಿ. ಇಬ್ಬಿಬ್ಬರು ನಾಲ್ಕು ಓವರ್ ಬ್ಯಾಟ್ ಮಾಡಲಿ. ಔಟಾದರೆ ಹೊರಗೆ ಹೋಗುವುದಿಲ್ಲ, ತಂಡದ ಲೆಕ್ಕದಲ್ಲಿ ಒಂದಷ್ಟು ರನ್ ಕಡಿತ, ಅಷ್ಟೇ. ಪ್ರತಿಯೊಬ್ಬರೂ ಒಂದು ಓವರ್ ಹಾಕಲೇಬೇಕು. ವೈಡಿಗೆ ಮತ್ತೆ ಎಸೆತ ಕೊಡುತ್ತಾ ಕೂತರೆ ಓವರ್ ಮುಗಿಯುವ ಹೊತ್ತಿಗೆ ಕತ್ತಲಾಗುತ್ತದೆ. ಓವರಿಗೆ ಆರೇ ಎಸೆತ, ವೈಡಾದರೆ ಎದುರಾಳಿಗೆ ಎರಡು ರನ್ ಅನ್ನಿ.

ಇನ್ನೊಂದು ಮಾತು. ಆ ಮಕ್ಕಳಿಗೆ ಏನೂ ಬರುವುದಿಲ್ಲ ಅಂದುಕೊಳ್ಳಬೇಡಿ. ಥಾಯ್ಲೆಂಡಿನ ಹಲವು ಆಟಗಾರ್ತಿಯರು ಸಾಫ್ಟ್‌ಬಾಲ್‌ನಿಂದ ಬಂದವರು. ಅವರಿಗೆ ಕ್ಯಾಚ್ ಹಿಡಿಯುವುದನ್ನು, ದೂರದಿಂದ ಗುರಿಯಿಟ್ಟು ಎಸೆಯುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಬೌಂಡರಿಯಿಂದ ಅವರ ಥ್ರೋ ನೋಡಿದರೆ ದೊಡ್ಡ ತಂಡಗಳೂ ನಾಚಬೇಕು. ಸಾಫ್ಟ್‌ಬಾಲ್, ಬೇಸ್‌ಬಾಲ್, ಹ್ಯಾಂಡ್‌ಬಾಲ್ ಆಡಿದ ಹುಡುಗಿಯರನ್ನು ಮೊದಲು ಹುಡುಕಿ. ಆದರೆ ಬಿಡಿಸಬೇಕಾದ ಕೆಲವು ಅಭ್ಯಾಸಗಳಿವೆ. ಸಾಫ್ಟ್‌ಬಾಲ್ ಆಡಿದವರು ಚೆಂಡು ಹೊಡೆದ ಕೂಡಲೇ ಬ್ಯಾಟ್ ಬಿಸಾಕಿ ಓಡುತ್ತಾರೆ. ಇಲ್ಲಿ ಬ್ಯಾಟ್ ಕೈಯಲ್ಲೇ ಇರಬೇಕು, ಕ್ರೀಸಿಗೆ ಅದನ್ನು ಜಾರಿಸಬೇಕು. ಅಲ್ಲಿ ಚೆಂಡು ಸರಿಯಾಗಿ ಬ್ಯಾಟಿಗೆ ತಗುಲಿದರೆ ಓಡಲೇಬೇಕು, ಇಲ್ಲಿ ಸುಮ್ನೆ ನಿಂತರೂ ಆಯಿತು. ಜೊತೆಗಾರ್ತಿಗೆ ‘ಓಟ ಬೇಡ’ ಅಂತ ಕೂಗಲು ಕಲಿಸುವುದಕ್ಕೇ ಒಂದು ತಿಂಗಳು ಹಿಡಿಯುತ್ತದೆ.

ಬೌಲಿಂಗ್ ಕಲಿಸುವಾಗ ಓಟ ಬೇಡ. ನಿಂತಲ್ಲೇ, ಮೊಣಕೈ ಮಡಚದೆ, ತೋಳು ಕಿವಿಗೆ ಸವರಿಕೊಂಡು ಹೋಗುವಂತೆ ತಿರುಗಿಸಲಿ. ಒಂದು ಹೆಜ್ಜೆ, ಮೂರು ಹೆಜ್ಜೆ, ಆಮೇಲೆ ಓಟ.

5. ಅವಳು ಯಾಕೆ ಬರಲಿಲ್ಲ ಅಂತ ಕೇಳಿ

ನನ್ನ ಪ್ರಕಾರ ಇಡೀ ಕೆಲಸದ ಜೀವ ಇರುವುದು ಇಲ್ಲಿ. ಮೊದಲ ದಿನ ಎಷ್ಟು ಮಂದಿ ಬಂದರು ಅನ್ನುವ ಲೆಕ್ಕಕ್ಕೆ ಬೆಲೆ ಇಲ್ಲ. ಟೀ ಶರ್ಟ್ ಹಂಚಿದರೆ ಯಾರು ಬೇಕಾದರೂ ಬರುತ್ತಾರೆ. ಎರಡನೇ ವಾರ ಎಷ್ಟು ಮಂದಿ ಬಂದರು? ಎಂಟನೇ ವಾರ? ಹುಡುಗಿಯರು ಆಟ ಬಿಟ್ಟಿದ್ದು ಆಟ ಇಷ್ಟವಾಗದೆ ಅಂತ ನಾವು ತೀರ್ಮಾನಿಸಿಬಿಡುತ್ತೇವೆ. ಕೇಳಿ ನೋಡಿದರೆ ಕಾರಣ ಬೇರೆಯೇ ಇರುತ್ತದೆ.

ಮೈದಾನದಲ್ಲಿ ಶೌಚಾಲಯ ಇಲ್ಲ. ಇದ್ದರೂ ಚಿಲಕ ಇಲ್ಲ. ಮುಟ್ಟಿನ ದಿನ ಬಿಳಿ ಪ್ಯಾಂಟ್ ಹಾಕಲು ಭಯ. ಆಟ ಮುಗಿಯುವುದು ಸಂಜೆ, ಕೊನೆಯ ಬಸ್ ಅದಕ್ಕೂ ಮೊದಲು. ತಮ್ಮನನ್ನು ನೋಡಿಕೊಳ್ಳಬೇಕು. ‘ಅಲ್ಲಿ ಯಾರಿರುತ್ತಾರೆ’ ಅಂತ ಅಮ್ಮ ಕೇಳಿದ ಪ್ರಶ್ನೆಗೆ ಉತ್ತರ ಇಲ್ಲ.

ಇದೆಲ್ಲ ಕ್ರಿಕೆಟ್ ಕೋಚಿನ ಕೆಲಸವೇ ಅಂದರೆ, ಹೌದು, ಕೋಚಿನದೇ ಕೆಲಸ. ಬಣ್ಣದ ಉಡುಪು ಕೊಡಿ, ಗಾಢ ಬಣ್ಣದ ಪ್ಯಾಂಟ್ ಇರಲಿ. ತಲೆಗೆ ಬಟ್ಟೆ ಕಟ್ಟುವವರಿಗೆ, ಉದ್ದ ತೋಳು ಬೇಕು ಅನ್ನುವವರಿಗೆ ಹಾಗೇ ಬಿಡಿ. ಚೀಲದಲ್ಲಿ ಪ್ಯಾಡ್ ಇಡಿ, ಬ್ಯಾಟಿಂಗ್ ಪ್ಯಾಡ್ ಮಾತ್ರ ಅಲ್ಲ. ಅಭ್ಯಾಸದ ಹೊತ್ತನ್ನು ಬಸ್ಸಿನ ಹೊತ್ತಿಗೆ ಹೊಂದಿಸಿ. ಅಮ್ಮಂದಿರನ್ನು ಒಮ್ಮೆ ಮೈದಾನಕ್ಕೆ ಕರೆದು ಅವರ ಕೈಗೂ ಬ್ಯಾಟ್ ಕೊಡಿ. ತಮ್ಮನೂ ಬರಲಿ, ಮೆತ್ತನೆ ಚೆಂಡು ಹಿಡಿದು ಕೂರಲಿ.

ಹತ್ತು ಹನ್ನೊಂದು ವರ್ಷದವರೆಗೆ ಹುಡುಗ ಹುಡುಗಿಯರು ಒಟ್ಟಿಗೆ ಆಡಿದರೆ ತೊಂದರೆ ಇಲ್ಲ. ಆಮೇಲೆ ಹುಡುಗಿಯರಿಗೆಂದೇ ಒಂದು ಹೊತ್ತು ಇರಲಿ. ಇಲ್ಲದಿದ್ದರೆ ಬ್ಯಾಟ್ ಹುಡುಗರ ಕೈಯಲ್ಲಿ, ಹುಡುಗಿಯರು ದೂರದ ಬೌಂಡರಿ ಬಳಿ, ಲಾಂಗ್‌ಆನ್‌ನಲ್ಲಿ.

ಮಕ್ಕಳ ಸುರಕ್ಷತೆಯ ನಿಯಮ ಬರೆದು ಗೋಡೆಗೆ ಅಂಟಿಸಿ. ಯಾವ ಅಭ್ಯಾಸದಲ್ಲೂ ಒಬ್ಬರೇ ದೊಡ್ಡವರು ಇರಕೂಡದು. ದೂರು ಹೇಳಿಕೊಳ್ಳಲು ಕೋಚ್ ಅಲ್ಲದ ಒಬ್ಬ ಹೆಂಗಸಿನ ಹೆಸರು ಎಲ್ಲ ಮಕ್ಕಳಿಗೂ ಗೊತ್ತಿರಲಿ. ಇದರಲ್ಲಿ ರಾಜಿ ಇಲ್ಲ.

6. ನಾಕೌಟ್ ಬೇಡ, ಲೀಗ್ ಮಾಡಿ

ನಾಕೌಟ್ ಟೂರ್ನಿಯಲ್ಲಿ ಮೊದಲ ಸುತ್ತಿಗೇ ಅರ್ಧ ತಂಡಗಳು ಮನೆಗೆ. ವರ್ಷವಿಡೀ ಕಾದವಳು ಎರಡು ಗಂಟೆ ಆಡಿ ಮುಗಿಸುತ್ತಾಳೆ. ನಾಲ್ಕೇ ತಂಡ ಇದ್ದರೂ ಸಾಕು, ಎಲ್ಲರೂ ಎಲ್ಲರ ಜೊತೆ ಎರಡೆರಡು ಸಲ ಆಡಲಿ. ತಂಡಕ್ಕೆ ಆರು ಪಂದ್ಯ ಸಿಕ್ಕಿತು. ಹತ್ತು ಓವರಿನ ಪಂದ್ಯವಾದರೆ ಒಂದು ಬೆಳಿಗ್ಗೆ ಎರಡು ಮುಗಿಯುತ್ತದೆ.

ಗಟ್ಟಿ ಚೆಂಡಿಗೆ ಹೋಗುವುದು ಈ ಹಂತದಲ್ಲಿ. ಪುರುಷರ ಚೆಂಡನ್ನೇ ಹುಡುಗಿಯರಿಗೆ ಕೊಡಬೇಡಿ. ಅದರ ತೂಕ 155.9ರಿಂದ 163 ಗ್ರಾಂ. ಮಹಿಳೆಯರ ಚೆಂಡು 140ರಿಂದ 151 ಗ್ರಾಂ, ಸುತ್ತಳತೆಯೂ ಕಡಿಮೆ. 13 ವರ್ಷದೊಳಗಿನವರದ್ದು ಇನ್ನೂ ಹಗುರ, 133ರಿಂದ 144. ಬ್ಯಾಟೂ ಹಾಗೆಯೇ. ಅಣ್ಣ ಬಿಟ್ಟ ಬ್ಯಾಟ್ ಹಿಡಿದ ಹುಡುಗಿ ಜೀವನವಿಡೀ ಅಡ್ಡಬ್ಯಾಟ್ ಬೀಸುತ್ತಾಳೆ, ಎತ್ತಲಾಗದ್ದಕ್ಕೆ. ಹೆಲ್ಮೆಟ್, ಪ್ಯಾಡ್, ಗ್ಲೌಸ್ ತಂಡಕ್ಕೆ ಒಂದೇ ಚೀಲದಲ್ಲಿ ಇದ್ದರೆ ನಡೆಯುತ್ತದೆ.

ಹುಲ್ಲಿನ ಪಿಚ್ ಕನಸು ಕಾಣಬೇಡಿ. ಅದನ್ನು ಸಾಕುವುದು ಆನೆ ಸಾಕಿದಂತೆ. ಕಾಂಕ್ರೀಟ್ ಪಟ್ಟಿ ಹಾಕಿ ಮೇಲೆ ಕೃತಕ ಹುಲ್ಲಿನ ಮ್ಯಾಟ್ ಎಳೆದರೆ ವರ್ಷಗಟ್ಟಲೆ ನಂಬಿಕೆಯ ಪುಟಿತ ಸಿಗುತ್ತದೆ.

7. ಎಲ್ಲರೂ ಆಟಗಾರ್ತಿಯರೇ ಆಗಬೇಕಿಲ್ಲ

ಹದಿನಾರಕ್ಕೆ ತಂಡದಲ್ಲಿ ಜಾಗ ಸಿಗದವಳಿಗೆ ಸ್ಕೋರ್ ಪುಸ್ತಕ ಕೊಡಿ, ಅಂಪೈರಿಂಗ್ ಕಲಿಸಿ, ಚಿಕ್ಕ ಮಕ್ಕಳ ಗುಂಪು ಒಪ್ಪಿಸಿ. ಕೈಗೆ ಸ್ವಲ್ಪ ಹಣವನ್ನೂ ಕೊಡಿ, ಚಪ್ಪಾಳೆ ಮಾತ್ರ ಅಲ್ಲ.

8. ದೇಶದ ತಂಡ: ಅವಸರ ಬೇಡ

2018ರ ಜುಲೈ 1ರಿಂದ ಐಸಿಸಿಯ ಯಾವುದೇ ಎರಡು ಸದಸ್ಯ ದೇಶಗಳ ಮಹಿಳಾ ಟಿ20 ಪಂದ್ಯಕ್ಕೆ ಅಂತರರಾಷ್ಟ್ರೀಯ ಮಾನ್ಯತೆ ಇದೆ. ಇದು ವರವೂ ಹೌದು, ಉರುಳೂ ಹೌದು. 2024ರಲ್ಲಿ ಇಂಡೊನೇಷ್ಯಾದ ಹುಡುಗಿ ರೊಹ್ಮಾಲಿಯಾ ಮೊದಲ ಪಂದ್ಯದಲ್ಲೇ ಮಂಗೋಲಿಯಾ ಎದುರು ಒಂದೂ ರನ್ ಕೊಡದೆ 7 ವಿಕೆಟ್ ಪಡೆದಳು. ವಿಶ್ವದಾಖಲೆ. ಆ ಕಡೆ ನಿಂತ ಮಂಗೋಲಿಯಾದ ಹುಡುಗಿಯರ ಹೆಸರೂ ಅದೇ ದಾಖಲೆಯಲ್ಲಿ ಶಾಶ್ವತ. ಮೂರು ಸುತ್ತು ಲೀಗ್ ಆಡದವರನ್ನು ಅಲ್ಲಿಗೆ ತಳ್ಳಬೇಡಿ. ಪಕ್ಕದ ದೇಶದ ಕ್ಲಬ್ ಜೊತೆ, ಶಾಲಾ ತಂಡದ ಜೊತೆ ಆಡಿಸಿ.

ಥಾಯ್ಲೆಂಡ್ ತಮಗೆ ಸರಿಸಮಾನರಾದ ತಂಡಗಳ ಜೊತೆ ಆಡುತ್ತಾ, 2018–19ರಲ್ಲಿ ಸತತ 17 ಟಿ20 ಗೆದ್ದಿತು. 2020ರಲ್ಲಿ ಮೊದಲ ಸಲ ವಿಶ್ವಕಪ್ಪಿಗೆ ಹೋಗಿ ಪಾಕಿಸ್ತಾನದ ಎದುರು 150 ಹೊಡೆಯಿತು. ನತ್ತಕಾನ್ ಚಾಂತಮ್ 56. ಮಳೆ ಬಂದು ಪಂದ್ಯ ಹಾಳಾಯಿತು. ಬಾಕಿ ಉಳಿದ ಆ ಲೆಕ್ಕವನ್ನು 2022ರ ಏಷ್ಯಾ ಕಪ್‌ನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಚುಕ್ತಾ ಮಾಡಿದರು.

9. ದುಡ್ಡು

ಐಸಿಸಿಯಿಂದ ಬರುವುದು ಚಿಕ್ಕ ಪಾಲು. ಸರ್ಕಾರದ ಬಾಗಿಲು ತಟ್ಟಲು ಈಗ ಒಂದು ಒಳ್ಳೆಯ ನೆಪ ಸಿಕ್ಕಿದೆ. 1900ರ ನಂತರ ಮೊದಲ ಸಲ, 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಇದೆ. ಪುರುಷರಿಗೆ ಆರು ತಂಡ, ಮಹಿಳೆಯರಿಗೂ ಆರು. ನಿಮ್ಮ ತಂಡ ಅಲ್ಲಿಗೆ ಹೋಗುವುದಿಲ್ಲ, ಅದು ನಿಮಗೂ ಗೊತ್ತು. ಆದರೆ ‘ಒಲಿಂಪಿಕ್ ಆಟ’ ಅಂದರೆ ಕ್ರೀಡಾ ಇಲಾಖೆಯ ಫೈಲು ಮುಂದಕ್ಕೆ ಸರಿಯುತ್ತದೆ.

ಬಂದ ಹಣವನ್ನು ಮೊದಲು ಕೋಚ್ ಸಂಬಳಕ್ಕೆ, ಬಸ್ಸಿಗೆ ಇಡಿ. ಆಮೇಲೆ ಸಾಮಾನು. ಕಟ್ಟಡ ಕೊನೆಗೆ. ಸ್ವಲ್ಪ ಜಾಸ್ತಿ ಉಳಿದರೆ ಹಿರಿಯ ಆಟಗಾರ್ತಿಯರಿಗೆ ಸಂಬಳ ಕೊಡಿ. 2020ರಲ್ಲಿ ಬ್ರೆಜಿಲ್ ಗಂಡಸರಿಗಿಂತ ಮೊದಲು ಹೆಂಗಸರಿಗೆ ಗುತ್ತಿಗೆ ಕೊಟ್ಟಿತು. ಆ ಹುಡುಗಿಯರು ಬೆಳಿಗ್ಗೆ ಅಭ್ಯಾಸ ಮಾಡಿ, ಉಳಿದ ಹೊತ್ತು ಶಾಲೆಗಳಲ್ಲಿ ಕಲಿಸಬಹುದು. ಒಂದು ಸಂಬಳದಲ್ಲಿ ಎರಡು ಕೆಲಸ.

ಕೊನೆಯದಾಗಿ ಒಂದು ಸಾಮಾನು ತಪ್ಪದೆ ಕೊಳ್ಳಿ: ಗೆರೆ ಹಾಕಿದ ನೋಟ್‌ಬುಕ್. ಎಡಗಡೆ ಹುಡುಗಿಯರ ಹೆಸರು, ಮೇಲೆ ವಾರದ ಸಂಖ್ಯೆ, ಬಂದರೆ ಒಂದು ಗೀಟು. ಎರಡು ವಾರ ಗೀಟು ಬೀಳದ ಹೆಸರಿನ ಮನೆಗೆ ಆ ಸಂಜೆಯೇ ಫೋನ್ ಮಾಡಿ.