ಅಬೊರಿಜಿನಲ್ ಊರಿಗೆ ಮಕ್ಕಳ ಸುರಕ್ಷತೆಯ ಪೋಸ್ಟರ್ ಮಾಡಬೇಕೇ? ಮೊದಲು ಹೋಗಿ ಕೂತು ಮಾತಾಡಿ

ಆಸ್ಟ್ರೇಲಿಯಾದ ಸಣ್ಣ ಊರುಗಳ ಕ್ಲಿನಿಕ್, ಆಸ್ಪತ್ರೆ, ಶಿಶುಕೇಂದ್ರಗಳಲ್ಲಿ ಕೆಲಸ ಮಾಡುವ ಕನ್ನಡದ ನರ್ಸ್, ಡಾಕ್ಟರ್, ಟೀಚರ್‌ಗಳಿಗೆ ಒಂದಲ್ಲ ಒಂದು ದಿನ ಈ ಕೆಲಸ ಬರುತ್ತದೆ: ಇಲ್ಲಿನ ಅಬೊರಿಜಿನಲ್ (ಮೂಲನಿವಾಸಿ) ಕುಟುಂಬಗಳಿಗೆ ಮಕ್ಕಳ ಸುರಕ್ಷತೆ ಬಗ್ಗೆ ಒಂದು ಪೋಸ್ಟರ್ ಮಾಡಿಕೊಡಿ. ಆಗ ಏನಾಗುತ್ತದೆ ಅಂತ ಬೇಕಾದಷ್ಟು ನೋಡಿದ್ದೇನೆ. ಸಿಡ್ನಿಗೋ ಮೆಲ್ಬರ್ನ್‌ಗೋ ಅಂತ ಮಾಡಿದ ಹಳೇ ಪೋಸ್ಟರ್ ತಗೊಂಡು, ಸುತ್ತ ಚುಕ್ಕಿಗಳ ಅಂಚು ಹಾಕಿ, ಮೂಲೆಯಲ್ಲೊಂದು ಕಾಂಗರೂ ಕೂರಿಸಿ ಪ್ರಿಂಟ್‌ಗೆ ಕಳಿಸುತ್ತಾರೆ. ಗೋಡೆ ತುಂಬುತ್ತದೆ. ಯಾರೂ ಓದುವುದಿಲ್ಲ. ಅದರ ಬದಲು ಈ ಆರು ಹೆಜ್ಜೆ ಹಿಡಿಯಿರಿ.

ಒಂದು: ವಿಷಯ ಆರಿಸಿ. ಒಂದು ಹಾಳೆಗೆ ಒಂದೇ ವಿಷಯ. ಕ್ಲಿನಿಕ್‌ಗೆ ಯಾವ ಗಾಯ ಜಾಸ್ತಿ ಬರುತ್ತಿದೆ ಅಂತ ಕೇಳಿ, ಅದನ್ನೇ ತಗೊಳ್ಳಿ. ಇಲ್ಲಿ ಕ್ಯಾಂಪ್ ಬೆಂಕಿಯಿಂದ ಮಕ್ಕಳ ಕಾಲು ಸುಡುವುದನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಮಕ್ಕಳಿಗೆ ಗಾಯವಾಗದಂತೆ ತಡೆಯಲು ಕೆಲಸ ಮಾಡುವ ಕಿಡ್‌ಸೇಫ್‌ನಂಥ ಸಂಸ್ಥೆಗಳು ಈಗಾಗಲೇ ಮಾಡಿದ್ದು ಇದ್ದರೆ, ಹೊಸದು ಬೇಕೇ ಅಂತಲೂ ಯೋಚಿಸಿ.

ಎರಡು: ಹೋಗಿ ಕೂರಿ. ಎಲ್ಲರೂ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಬೊರಿಜಿನಲ್ ಸಮುದಾಯದವರೇ ನಡೆಸುವ ಆರೋಗ್ಯ ಕೇಂದ್ರಗಳು ದೇಶದಲ್ಲಿ 140ಕ್ಕೂ ಹೆಚ್ಚಿವೆ. ಮೊದಲನೆಯದು 1971ರಲ್ಲಿ ಸಿಡ್ನಿಯ ರೆಡ್‌ಫರ್ನ್‌ನಲ್ಲಿ ಶುರುವಾಯಿತು. ನಿಮ್ಮ ಹತ್ತಿರದ ಕೇಂದ್ರದ ಅಬೊರಿಜಿನಲ್ ಹೆಲ್ತ್ ವರ್ಕರ್ ಅನ್ನು ಮೊದಲು ಕಾಣಿ. ಊರಿನ ಹಿರಿಯರಲ್ಲಿ ಯಾರನ್ನು ಕೇಳಬೇಕು, ಹೆಂಗಸರ ವಿಷಯ ಯಾರ ಹತ್ತಿರ ಮಾತಾಡಬೇಕು ಅನ್ನುವುದು ಅವರಿಗೆ ಗೊತ್ತಿರುತ್ತದೆ. ಊರಲ್ಲಿ ಸಾವಾಗಿದ್ದರೆ ಸಭೆ ಮುಂದಕ್ಕೆ ಹಾಕಿ, ಅವರು ಬನ್ನಿ ಅನ್ನುವವರೆಗೂ ಕಾಯಿರಿ. ಹಿರಿಯರ ಸಮಯಕ್ಕೆ ಹಣ ಕೊಡಿ. ಬಜೆಟ್‌ನಲ್ಲಿ ಇದನ್ನು ಮೊದಲೇ ಬರೆದಿಡಬೇಕು, ಚಹಾ ಬಿಸ್ಕತ್ ಕೊಟ್ಟು ಮುಗಿಸುವುದು ತಪ್ಪು. ಪ್ರಿಂಟ್ ಮಾಡಿದ ಡ್ರಾಫ್ಟ್ ಹಿಡಿದುಕೊಂಡು ಹೋಗಲೇಬೇಡಿ. ಡ್ರಾಫ್ಟ್ ಕಂಡರೆ ಎದುರಿಗಿರುವವರು ಮರ್ಯಾದೆಗೆ "ಚೆನ್ನಾಗಿದೆ" ಅಂದುಬಿಡುತ್ತಾರೆ, ಅಲ್ಲಿಗೆ ಮಾತು ಮುಗಿಯಿತು.

ಇನ್ನೊಂದು ವಿಷಯವನ್ನು ನಮ್ಮವರು ತಿಳಿದಿರಲೇಬೇಕು. ಹತ್ತಾರು ವರ್ಷ ಇಲ್ಲಿನ ಸರ್ಕಾರಗಳು "ಮಕ್ಕಳ ಒಳ್ಳೆಯದಕ್ಕೆ" ಅನ್ನುತ್ತಾ ಅಬೊರಿಜಿನಲ್ ಮಕ್ಕಳನ್ನು ಮನೆಯಿಂದ ಕಿತ್ತುಕೊಂಡು ಹೋದವು. ಆ ಕುರಿತ ವರದಿ 1997ರಲ್ಲಿ ಬಂತು, ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದ್ದು 2008ರ ಫೆಬ್ರವರಿ 13ರಂದು. ಇವತ್ತಿಗೂ ಸರ್ಕಾರ ಮನೆಯಿಂದ ಬೇರೆ ಮಾಡಿದ ಮಕ್ಕಳಲ್ಲಿ ಅಬೊರಿಜಿನಲ್ ಮಕ್ಕಳ ಪಾಲು ಜನಸಂಖ್ಯೆಗೆ ಹೋಲಿಸಿದರೆ ತೀರಾ ಜಾಸ್ತಿ. ಆದ್ದರಿಂದ "ನಿಮ್ಮ ಮಗು ಸುರಕ್ಷಿತವೇ?" ಅಂತ ದೊಡ್ಡಕ್ಷರದಲ್ಲಿ ಬರೆದು, ಮೇಲೆ ಸರ್ಕಾರಿ ಲಾಂಛನ ಹಾಕಿದರೆ ಒಬ್ಬ ತಾಯಿಗೆ ಕಾಣುವುದು ಸಲಹೆಯಲ್ಲ, ಬೆದರಿಕೆ. ಸುಟ್ಟ ಗಾಯಕ್ಕೂ ಆಕೆ ಕ್ಲಿನಿಕ್‌ಗೆ ಬರಲು ಹೆದರಬಹುದು. ಲಾಂಛನ ಕೆಳಗೆ ಸಣ್ಣದಾಗಿರಲಿ, ಪರಿಚಯದ ಕ್ಲಿನಿಕ್‌ನ ಹೆಸರು ಮೇಲಿರಲಿ.

ಮೂರು: ಮಾಡಲು ಆಗುವಂಥ ಮಾತು ಬರೆಯಿರಿ. "ಮಕ್ಕಳನ್ನು ಬೆಂಕಿಯಿಂದ ದೂರ ಇಡಿ" ಅಂತ ಬರೆದರೆ ಏನುಪಯೋಗ? ಬೆಂಕಿಯ ಸುತ್ತಲೇ ಊಟ, ಮಾತು, ನಿದ್ದೆ ಎಲ್ಲ. ಎಷ್ಟೋ ಕುಟುಂಬಗಳಿಗೆ ಗೊತ್ತಿಲ್ಲದ ಒಂದು ಸಂಗತಿ ಹೇಳಿ: ಮರಳು ಮುಚ್ಚಿದ ಕೆಂಡ 8 ಗಂಟೆ ಕಳೆದರೂ ಕಾಲು ಸುಡುವಷ್ಟು ಬಿಸಿ ಇರುತ್ತದೆ, ಮೇಲಿಂದ ನೋಡಿದರೆ ಬರೀ ಮರಳು. ಬೆಳಗ್ಗೆ ಎದ್ದು ಓಡುವ ಮಗು ಅದರ ಮೇಲೇ ಕಾಲಿಡುತ್ತದೆ. ಹಾಗಾಗಿ ಮಾತು ಇಷ್ಟೇ: ಬೆಂಕಿಯನ್ನು ನೀರು ಸುರಿದೇ ಆರಿಸಿ, ಮರಳು ಬೇಡ.

ಸುಟ್ಟರೆ 20 ನಿಮಿಷ ಹರಿಯುವ ತಣ್ಣೀರು. ಸುಟ್ಟು 3 ಗಂಟೆಯೊಳಗೆ ಮಾಡಿದರೂ ಉಪಯೋಗವಿದೆ. ಐಸ್, ಬೆಣ್ಣೆ, ಟೂತ್‌ಪೇಸ್ಟ್ ಯಾವುದೂ ಬೇಡ. ಆದರೆ ಕ್ಯಾಂಪ್‌ನಲ್ಲಿ ನಲ್ಲಿ ಎಲ್ಲಿದೆ? ಅದನ್ನೂ ಹಾಳೆಯೇ ಹೇಳಬೇಕು: ಎರಡು ಬಟ್ಟೆ ಒದ್ದೆ ಮಾಡಿ, ಎರಡು ನಿಮಿಷಕ್ಕೊಮ್ಮೆ ಬದಲಾಯಿಸುತ್ತಾ ಇಡಿ. ಮರುಭೂಮಿಯ ಚಳಿ ರಾತ್ರಿಯಾದರೆ ಗಾಯವಷ್ಟೇ ತಣ್ಣಗಾಗಲಿ, ಉಳಿದ ಮೈಗೆ ಕಂಬಳಿ ಹೊದಿಸಿ. ಆಂಬುಲೆನ್ಸ್‌ಗೆ 000.

ಕೂಸನ್ನು ಮಲಗಿಸುವ ವಿಷಯಕ್ಕೂ ಇದೇ ದಾರಿ. ಪಕ್ಕದಲ್ಲಿ ಮಲಗಿಸಬೇಡಿ ಅಂತ ಬರೀ ಗದರಿದರೆ ಯಾರು ಕೇಳುತ್ತಾರೆ, ನಮ್ಮ ಮನೆಗಳಲ್ಲೂ ಅಮ್ಮನ ಪಕ್ಕದಲ್ಲೇ ಅಲ್ವಾ ಕೂಸು ಮಲಗುವುದು? ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪೆಪಿ-ಪಾಡ್ ಅನ್ನುವ ಸಣ್ಣ ಡಬ್ಬಿಯಂಥ ಹಾಸಿಗೆ ಕೊಟ್ಟರು. ನ್ಯೂಜಿಲೆಂಡ್‌ನಿಂದ ಬಂದ ಉಪಾಯ ಅದು. ಕೂಸು ಅಮ್ಮನ ಪಕ್ಕದಲ್ಲೇ ಇರುತ್ತದೆ, ಆದರೆ ಅದರದೇ ಜಾಗದಲ್ಲಿ, ಅಂಗಾತ, ಮುಖಕ್ಕೆ ಏನೂ ಮುಚ್ಚದೆ. ಕಾರ್ ಸೀಟ್ ಬಗ್ಗೆ ಬರೆಯುವಾಗಲೂ ಅಪ್ಪ, ಅಮ್ಮ, ಎರಡು ಮಕ್ಕಳ ಚಿತ್ರ ಬೇಡ. ಮಗು ಅಜ್ಜಿಯ ಕಾರಿನಲ್ಲೋ ಆಂಟಿಯ ಕಾರಿನಲ್ಲೋ ಹೋಗುತ್ತದೆ, ಆ ಕಾರಿನಲ್ಲಿ ಸೀಟ್ ಇದೆಯಾ ಅನ್ನುವುದೇ ಪ್ರಶ್ನೆ.

ನಾಲ್ಕು: ಚಿತ್ರ. ಬಿಟ್ಟಿ ಕ್ಲಿಪ್‌ಆರ್ಟ್ ಸೈಟ್‌ಗಳಲ್ಲಿ ಸಿಗುವ "ಅಬೊರಿಜಿನಲ್ ಡಿಸೈನ್" ಮುಟ್ಟಬೇಡಿ. ಕ್ಯಾನ್‌ವಾಸ್ ಮೇಲಿನ ಚುಕ್ಕಿ ಚಿತ್ರ 1971ರ ಸುಮಾರಿಗೆ ದೇಶದ ನಡುಭಾಗದ ಪಪುನ್ಯಾ ಅನ್ನುವ ಊರಿನಿಂದ ಬೆಳೆದದ್ದು, ಕರಾವಳಿಯ ಸಮುದಾಯಕ್ಕೆ ಅದು ತಮ್ಮದಲ್ಲ. ಒಂದೊಂದು ಆಕಾರದ ಹಿಂದೆ ಯಾವುದೋ ಕುಟುಂಬದ ಕಥೆ, ಹಕ್ಕು ಇರುತ್ತದೆ. ಅದೇ ಊರಿನ ಕಲಾವಿದರಿಗೆ ಹಣ ಕೊಟ್ಟು ಬರೆಸಿ, ಎಲ್ಲೆಲ್ಲಿ ಬಳಸುತ್ತೀರಿ ಅಂತ ಬರಹದಲ್ಲಿ ಒಪ್ಪಂದ ಮಾಡಿ. ಹ್ಯಾರಲ್ಡ್ ಥಾಮಸ್ ರೂಪಿಸಿದ ಅಬೊರಿಜಿನಲ್ ಬಾವುಟದ ಹಕ್ಕನ್ನು ಸರ್ಕಾರ 2022ರಲ್ಲಿ ಕೊಂಡುಕೊಂಡಿತು, ಈಗ ಅದನ್ನು ಎಲ್ಲರೂ ಬಳಸಬಹುದು. ಉತ್ತರದ ದ್ವೀಪಗಳ ಮೂಲನಿವಾಸಿಗಳ ಟಾರೆಸ್ ಸ್ಟ್ರೇಟ್ ಬಾವುಟಕ್ಕೆ ಮಾತ್ರ ಅನುಮತಿ ಬೇಕು. ಜನರ ಫೋಟೋಗಿಂತ ಚಿತ್ರವೇ ಒಳ್ಳೆಯದು. ಫೋಟೋದಲ್ಲಿರುವವರು ತೀರಿಕೊಂಡರೆ ಅನೇಕ ಕಡೆ ಅದನ್ನು ಗೋಡೆಯಿಂದ ತೆಗೆಯಬೇಕಾಗುತ್ತದೆ, ಮನೆಯವರಿಗೂ ಸಂಕಟ.

ಐದು: ಭಾಷೆ. ಮೊಬೈಲ್ ಅನುವಾದದ ಆ್ಯಪ್ ಬೇಡವೇ ಬೇಡ. ನಾರ್ದರ್ನ್ ಟೆರಿಟರಿಯಲ್ಲೇ ನೋಡಿ, ಕ್ಯಾಥರಿನ್ ಊರಿನ ಸುತ್ತ ಕ್ರಿಯೋಲ್ ಭಾಷೆ, ಯೂಯೆಂಡುಮು ಊರಿನಲ್ಲಿ ವಾರ್ಲ್‌ಪಿರಿ, ಹೀಗೆ ಊರಿಗೊಂದು. ಇಂಟರ್‌ಪ್ರಿಟರ್ ಕರೆಸಿ. ನನ್ನ ಕೇಳಿದರೆ, ಬರಹಕ್ಕಿಂತ ಊರಿನ ಅಜ್ಜಿಯೊಬ್ಬರ ದನಿಯಲ್ಲಿ ಒಂದು ನಿಮಿಷದ ರೆಕಾರ್ಡಿಂಗ್ ಮಾಡಿಸುತ್ತೇನೆ.

ಆರು: ತೋರಿಸಿ, ಪ್ರಿಂಟ್ ಮಾಡಿ. "ಅರ್ಥ ಆಯ್ತಾ?" ಅಂತ ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಇದನ್ನು ನೋಡಿ ನಿಮ್ಮ ತಂಗಿಗೆ ಏನು ಹೇಳುತ್ತೀರಿ?" ಅಂತ ಕೇಳಿ. ಹೇಳಿದ್ದು ಬೇರೆಯಾದರೆ ಹಾಳೆ ತಿದ್ದಿ. ಲ್ಯಾಮಿನೇಟ್ ಮಾಡಿಸಿ, ಕೆಳಗೆ ತಿಂಗಳು, ವರ್ಷ ಬರೆಯಿರಿ. ತಿದ್ದಲು ಬರುವ ಮೂಲ ಫೈಲನ್ನು ಆ ಕ್ಲಿನಿಕ್‌ಗೇ ಕೊಟ್ಟುಬಿಡಿ. ನಿಮ್ಮ ಕಾಂಟ್ರಾಕ್ಟ್ ಮುಗಿದು ನೀವು ಬೇರೆ ಊರಿಗೆ ಹೋದ ಮೇಲೂ ಫೋನ್ ನಂಬರ್ ಬದಲಾದರೆ ಅವರೇ ತಿದ್ದಿಕೊಳ್ಳಬಹುದು.