ಗಂಟಿಲ್ಲದ ರಾಗಿ ಹಾಲು: ಶಾಲೆಯಲ್ಲಿ ಮಾಡುವುದು ಹೀಗೆ

‘ಮಕ್ಕಳು ಹಾಲು ಕುಡಿಯಲ್ಲ, ಚೆಲ್ಲುತ್ತಾರೆ’ ಎನ್ನುವ ದೂರು ಎಷ್ಟೋ ಶಾಲೆಗಳಲ್ಲಿದೆ. ಲೋಟದೊಳಗೆ ಇಣುಕಿದರೆ ಕಾರಣ ಕಾಣುತ್ತದೆ. ಮೇಲೆ ತೇಲುವ ಪುಡಿಯ ಗಂಟು, ತಳದಲ್ಲಿ ಕೂತ ರಾಗಿ, ಜೊತೆಗೆ ಸೀದ ವಾಸನೆ. ಅದನ್ನು ನಾವೂ ಕುಡಿಯಲ್ಲ, ಅಲ್ವಾ?

ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳಿಗೆ ಹಾಲು ಕೊಡುವ ಕ್ಷೀರಭಾಗ್ಯ ಯೋಜನೆ ಶುರುವಾದದ್ದು 2013ರಲ್ಲಿ. 2024ರಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ತಮಿಳುನಾಡಿನ ಶಾಲೆಗಳಲ್ಲಿ 2022ರಿಂದ ಬೆಳಿಗ್ಗೆ ಉಪ್ಪಿಟ್ಟು, ಪೊಂಗಲ್ ಕೊಡುತ್ತಿದ್ದಾರೆ. ನಮ್ಮಲ್ಲೂ ಅದು ಬರಬೇಕು. ಬರುವವರೆಗೆ, ಮನೆಯಲ್ಲಿ ತಿಂಡಿ ಸಿಗದ ಮಗುವಿಗೆ ಬೆಳಗಿನ ಹಸಿವಿಗೆ ಇರುವುದು ಈ ಒಂದೇ ಲೋಟ.

ಅಳತೆ: ಒಂದು ಮಗುವಿಗೆ 18 ಗ್ರಾಂ ಹಾಲಿನ ಪುಡಿಯಿಂದ 150 ಮಿ.ಲೀ. ಹಾಲು. ಐವತ್ತು ಮಕ್ಕಳಿಗೆ 900 ಗ್ರಾಂ ಪುಡಿಯಿಂದ ಏಳೂವರೆ ಲೀಟರ್ ಹಾಲು. ಕಣ್ಣಳತೆ ಬೇಡ. ರಾಗಿ ಮಾಲ್ಟ್ ಎಷ್ಟು ಎಂಬುದನ್ನು ಪೊಟ್ಟಣ ನೋಡಿ ಹಾಕಿ.

ಕಲಸುವುದು: ಕೆಡುವುದು ಇಲ್ಲೇ. ಕುದಿಯುವ ನೀರಿಗೆ ಪುಡಿ ಸುರಿದರೆ ಹೊರಪದರ ಕೂಡಲೇ ಅಂಟಾಗುತ್ತದೆ, ಒಳಗಿನ ಪುಡಿ ಒಣಗಿಯೇ ಉಳಿಯುತ್ತದೆ. ಅದೇ ಗಂಟು. ಆಮೇಲೆ ಎಷ್ಟು ತಿರುವಿದರೂ ಒಡೆಯಲ್ಲ. ಹಾಗಾಗಿ ನೀರನ್ನು ಮೊದಲೇ ಕುದಿಸಿ, ಬೆರಳಿಟ್ಟರೆ ಹಿತವಾಗುವಷ್ಟು ಆರಿಸಿ. ಅದರಲ್ಲಿ ಎರಡು ಮೂರು ಲೀಟರ್ ಬೇರೆ ಪಾತ್ರೆಗೆ ತೆಗೆದು, ಪುಡಿಯನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕಡಗೋಲಿನಿಂದ ಕಡೆಯಿರಿ. ಸೌಟು ಸಾಲದು. ಪುಡಿಯ ಮೇಲೆ ನೀರು ಹೊಯ್ಯಲೇಬೇಡಿ. ಹತ್ತು ನಿಮಿಷ ಬಿಟ್ಟು ಸೋಸಿ, ಉಳಿದ ನೀರು ಸೇರಿಸಿ ಒಲೆಗಿಡಿ.

ರಾಗಿಗೆ ಮಾತ್ರ ತಣ್ಣೀರೇ ಆಗಬೇಕು. ಅದಕ್ಕೆಂದು ಒಂದೆರಡು ಲೋಟ ನೀರನ್ನು ಪೂರ್ತಿ ಆರಿಸಿ ಇಟ್ಟುಕೊಳ್ಳಿ. ಅದರಲ್ಲಿ ದೋಸೆ ಹಿಟ್ಟಿನ ಹದಕ್ಕೆ ಕಲಸಿ, ಹಾಲು ಬಿಸಿಯಾದಾಗ ಸಣ್ಣ ಧಾರೆಯಾಗಿ ಹೊಯ್ಯಿರಿ. ಇನ್ನೊಂದು ಕೈ ತಳ ಮುಟ್ಟುವಂತೆ ತಿರುವುತ್ತಲೇ ಇರಲಿ. ಕುದಿ ಬಂದ ಮೇಲೆ ಉರಿ ಸಣ್ಣಗೆ ಮಾಡಿ, ಹಸಿ ವಾಸನೆ ಹೋಗುವವರೆಗೂ ಬೇಯಿಸಿ. ಆರಿದಾಗ ಗಟ್ಟಿಯಾಗುತ್ತದೆ, ಆದ್ದರಿಂದ ಸ್ವಲ್ಪ ತೆಳ್ಳಗಿರುವಾಗಲೇ ಇಳಿಸಿ. ತಳ ದಪ್ಪ ಇರುವ ಪಾತ್ರೆಯೇ ಬೇಕು, ತೆಳು ಅಲ್ಯೂಮಿನಿಯಂ ಪಾತ್ರೆ ಖಂಡಿತ ಬೇಡ.

ಬೆಲ್ಲವನ್ನು ಬೇರೆಯಾಗಿ ಕರಗಿಸಿ, ಸೋಸಿ, ಹಾಲು ಇಳಿಸಿ ಸ್ವಲ್ಪ ಆರಿದ ಮೇಲೆ ಹಾಕಿ. ಕುದಿಯುವಾಗ ಹಾಕಿದರೆ ಹಾಲು ಒಡೆಯಬಹುದು. ಮಕ್ಕಳನ್ನು ಸೆಳೆಯಲು ಡಬ್ಬಿಯ ಚಾಕೊಲೇಟ್ ಪುಡಿ, ಬಣ್ಣ, ಎಸೆನ್ಸ್ ತರುವವರಿದ್ದಾರೆ. ಆ ಪುಡಿಯಲ್ಲಿ ಸಕ್ಕರೆ ತುಂಬಾ ಇರುತ್ತದೆ. ಎರಡು ಏಲಕ್ಕಿ ಜಜ್ಜಿ ಹಾಕಿದರೆ ಸಾಕು.

ಕೊಡುವುದು: ಮೊದಲು ಅಡುಗೆಯವರೂ ಒಬ್ಬ ಶಿಕ್ಷಕರೂ ಕುಡಿದು ನೋಡಲಿ. ನನ್ನ ಮಾತು ಕೇಳುವುದಾದರೆ ಪ್ರಾರ್ಥನೆಗೆ ಮೊದಲೇ ಕೊಡಿ, ಬರೀ ಹೊಟ್ಟೆಯಲ್ಲಿ ಮಕ್ಕಳನ್ನು ಬಿಸಿಲಿಗೆ ನಿಲ್ಲಿಸಬೇಡಿ. ‘ಮನೆಯಲ್ಲಿ ತಿಂಡಿ ತಿಂದಿಲ್ಲದವರು ಕೈ ಎತ್ತಿ’ ಎಂದು ದಯವಿಟ್ಟು ಕೇಳಬೇಡಿ. ಹಸಿದ ಮಗು ನಾಚಿಕೆಗೆ ಕೈಯನ್ನೇ ಎತ್ತಲ್ಲ. ಎಲ್ಲರಿಗೂ ಒಂದೇ ತರಹದ ಸ್ಟೀಲ್ ಲೋಟ, ಕೂತು ಕುಡಿಯಲು ಜಾಗ, ಹೆಸರು ಹಿಡಿದು ‘ಬಾ ಪುಟ್ಟಾ’ ಅನ್ನುವ ಒಂದು ಮಾತು. ತಡವಾಗಿ ಬಂದವರ ಪಾಲು ಮುಚ್ಚಿಟ್ಟಿರಿ. ಶಿಕ್ಷೆಯೆಂದು ಲೋಟ ತಪ್ಪಿಸುವುದಂತೂ ಬೇಡವೇ ಬೇಡ.

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ, ಭೇದಿಯಾಗುವ ಮಕ್ಕಳೂ ಇರುತ್ತಾರೆ. ಅದು ಹಟ ಅಲ್ಲ. ಒತ್ತಾಯ ಮಾಡದೆ ಪೋಷಕರ ಜೊತೆ ಮಾತಾಡಿ.

ಪಾತ್ರೆ ಖಾಲಿಯಾದ ಕೂಡಲೇ ತಣ್ಣೀರು ತುಂಬಿಸಿಡಿ, ಇಲ್ಲದಿದ್ದರೆ ರಾಗಿ ಒಣಗಿ ಹಿಡಿದುಕೊಳ್ಳುತ್ತದೆ. ಉಳಿದ ಪುಡಿಯನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ, ಒದ್ದೆ ಚಮಚ ತಾಗಿಸಬೇಡಿ.